ಶಾಸನಗಳ ಬೀಗದಕೈ ಯಾರಲ್ಲಿದೆ?

ಈ ಸ್ಮರಣಸಂಚಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ನಮ್ಮ ಮಕ್ಕಳ ಮಾತಾಪಿತೃಗಳಿಗೂ ನಾವು ಒಂದು ಸಂಗತಿಯನ್ನು ಅರಿಕೆಮಾಡಿಕೊಳ್ಳಬೇಕೆಂದಿರುವೆವು. ಬಹುಮಾನಗಳ ಪಟ್ಟಿಯೂ ಆಟಪಾಟಗಳ ವರದಿಯೂ ಇರತಕ್ಕ ಪುಟಗಳಲ್ಲಿ ಕಲ್ಲುಬರಹಗಳ ಮಾತಿಗೆ ಎಡೆಯೆಲ್ಲಿಯದೆಂದು ಕೆಲವರು ಕೇಳಿಯಾರು. ಕೇಳಲಿ. ನಾವು ಮಕ್ಕಳಿಗೆ ಚರಿತ್ರೆಯೆಂದು ಕಲಿಸುವ ಪಾಠವನ್ನು ಬಹುಮಟ್ಟಿಗೆ ಈ ಕಲ್ಲುಗಳಿಂದಲೇ ತೆಗೆದಿರುವುದಷ್ಟೆ. ಆದರೆ ಆ ಕಲ್ಲನ್ನೇ ಒಮ್ಮೆ ಕಣ್ಣಾರೆ ನೋಡಬೇಕೆಂದು ಒಬ್ಬ ಹುಡುಗಿ ಆಶೆಪಟ್ಟರೆ ಅವಳಿಗೆ ಎದುರಾಗುವುದು ಬೀಗ, ಇಲ್ಲವೆ ಬೇಲಿ, ಇಲ್ಲವೆ ‘ಪತ್ರ ತಂದಿರುವಿರಾ?’ ಎಂಬ ಪ್ರಶ್ನೆ. ಸರ್ವಜನರ ಸ್ವತ್ತೆಂದು ಹೇಳಿಕೊಳ್ಳುವ ವಸ್ತುವು ಸರ್ವಜನರಿಗೆ ದೊರೆಯದಿರುವುದು ಹೇಗೆ, ಅದರಿಂದ ನಮಗಾಗುವ ನಷ್ಟವೇನು, ಅದಕ್ಕೆ ನಮ್ಮಿಂದ ಆಗತಕ್ಕದ್ದೇನಾದರೂ ಉಂಟೇ ಎಂಬುದನ್ನು ಇಲ್ಲಿ ಸ್ವಲ್ಪ ಬಿಚ್ಚಿ ಹೇಳುವೆವು.

ಮೊದಲು ನಷ್ಟದ ಮಾತು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಬಂದಳಿಕೆಯೆಂಬ ಹಾಳುಬಿದ್ದ ಸ್ಥಳವೊಂದಿದೆ. ಅಲ್ಲಿಯ ೯೧೮ನೆಯ ಇಸವಿಯ ಶಾಸನವು ಜಕ್ಕಿಯಬ್ಬೆ ಎಂಬ ಹೆಣ್ಣುಮಗಳ ವೃತ್ತಾಂತವನ್ನು ತಿಳಿಸುತ್ತದೆ. ಅದು ರಾಷ್ಟ್ರಕೂಟರ ಕಾಲ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಆಕೆಯ ಗಂಡನು ತೀರಿಕೊಂಡನು. ಆ ಅಧಿಕಾರವು ಮತ್ತೊಬ್ಬ ಗಂಡಸಿಗೆ ಹೋಗದೆ ಜಕ್ಕಿಯಬ್ಬೆಗೇ ಬಂದಿತು. ಆಕೆ ವರ್ಷಗಟ್ಟಲೆ ನಾಡನ್ನು ದಕ್ಷತೆಯಿಂದ ನಡೆಯಿಸಿ, ದೇಹದಲ್ಲಿ ರೋಗವು ಬಲಿತಾಗ ಮಗಳಿಗೆ ಭಾರವನ್ನೊಪ್ಪಿಸಿ, ಬಂದಳಿಕೆಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟಳು. ಸಾವಿರದ ನೂರು ವರ್ಷಗಳ ಹಿಂದೆ ಒಂದು ನಾಡಿನ ಆಡಳಿತವು ತಾಯಿಯಿಂದ ಮಗಳಿಗೆ ಸಂದ ಈ ಸಂಗತಿಯನ್ನು ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು? ರಜಿಯಾ ಬೇಗಮಳ ಹೆಸರನ್ನು ಎಲ್ಲರೂ ಬಲ್ಲರು, ಅದು ಪಠ್ಯಪುಸ್ತಕದಲ್ಲಿದೆ.

ಜಕ್ಕಿಯಬ್ಬೆ ಒಬ್ಬಳೇ ಅಲ್ಲ. ಶ್ರವಣಬೆಳಗೊಳದ ವೀರಗಲ್ಲೊಂದರಲ್ಲಿ ಸಾವಿಯಬ್ಬೆಯೆಂಬವಳು ಗಂಡನೊಡನೆ ಯುದ್ಧಕ್ಕೆ ಹೋಗಿ ಮಡಿದ ಸಂಗತಿಯಿದೆ. ಕುದುರೆಯನ್ನೇರಿ ಕತ್ತಿಯನ್ನೆತ್ತಿ, ಆನೆಯ ಮೇಲಿರುವ ಶತ್ರುವನ್ನು ಇದಿರಿಸುತ್ತಿರುವ ಹೆಂಗಸಿನ ಚಿತ್ರವನ್ನು ಆ ಕಲ್ಲಿನ ಮೇಲೆ ಬಿಡಿಸಿದ್ದಾರೆ. ಹೆಗ್ಗಡದೇವನಕೋಟೆಯ ಸೀಮೆಯ ಬೆಳತೂರಿನ ೧೦೫೭ರ ಶಾಸನದಲ್ಲಿ ಬರುವ ದೇಕಬ್ಬೆಯು, ಗಂಡನ ಮರಣವಾರ್ತೆಯನ್ನು ಕೇಳಿ, ಹೆತ್ತವರು ಬೇಡಬೇಡವೆಂದು ಅಂಗಲಾಚಿದರೂ ಬೆಂಕಿಯನ್ನು ಹೊಕ್ಕವಳು. ಆ ಪದ್ಧತಿಯನ್ನು ನಾವು ಎಳ್ಳಷ್ಟೂ ಹೊಗಳುವವರಲ್ಲ. ಆದರೆ ಅದರ ದಾರುಣತೆಯನ್ನು ನಮ್ಮ ಹುಡುಗಿಯರು ಯಾರದೋ ಭಾಷಣದಿಂದ ತಿಳಿಯುವುದಕ್ಕಿಂತ ಆ ಕಲ್ಲಿನ ಪದ್ಯಗಳಿಂದಲೇ ತಿಳಿಯುವುದು ಮೇಲು. ಲಕ್ಕುಂಡಿಯ ೧೦೦೭ರ ಶಾಸನವು ಅತ್ತಿಮಬ್ಬೆಯ ದಾನಗುಣವನ್ನು ಕೊಂಡಾಡುತ್ತದೆ. ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಮಾತು. ಅಚ್ಚಿನ ಮನೆಯೆಂಬುದನ್ನು ನಮ್ಮ ನಾಡು ಕಾಣದಿದ್ದ ದಿನಗಳಲ್ಲಿ, ಗ್ರಂಥವೊಂದನ್ನು ಜನರ ಕೈಗೆ ಮುಟ್ಟಿಸುವುದಕ್ಕಾಗಿ ಇಷ್ಟು ವೆಚ್ಚಮಾಡಿದ ಆ ತಾಯಿಯು ಇಂದಿನ ನಮ್ಮ ಕಚೇರಿಗಳ ಬೀರುಗಳನ್ನು ಕಂಡರೆ ಏನೆಂದುಕೊಂಡಾಳೋ!

ಇವುಗಳಲ್ಲಿ ಲಕ್ಕುಂಡಿಯದನ್ನು ಬಿಟ್ಟು ಉಳಿದವೆಲ್ಲ ‘ಎಪಿಗ್ರಾಫಿಯ ಕರ್ನಾಟಿಕ’ವೆಂಬ ಗ್ರಂಥಮಾಲೆಯಲ್ಲಿವೆ. ಅದನ್ನು ಹೊರತಂದ ಬಿ. ಎಲ್. ರೈಸರು ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಅವರ ತಂದೆ ಲಂಡನ್ ಮಿಶನ್ನಿನ ಪಾದ್ರಿಗಳು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಕೆಲಸಮಾಡಿ, ಬಳಿಕ ಪ್ರಾಚ್ಯಶೋಧನೆಯ ಇಲಾಖೆಗೆ ಮುಖ್ಯಸ್ಥರಾಗಿ, ೧೮೮೬ರಲ್ಲಿ ಕೊಡಗಿನ ಶಾಸನಗಳಿಂದ ಮೊದಲುಗೊಂಡು ಸುಮಾರು ೨೦ ವರ್ಷಗಳೊಳಗೆ ೧೨ ಸಂಪುಟಗಳಲ್ಲಿ ಹತ್ತಿರ ಹತ್ತಿರ ೯,೦೦೦ ಶಾಸನಗಳನ್ನು ಪ್ರಕಟಿಸಿದರು. ಒಂದೊಂದು ತಾಲ್ಲೂಕಿಗೂ ಬೇರೆಬೇರೆಯಾಗಿ ಅಂಕೆ ಹಾಕಿ, ಕನ್ನಡ ಪಾಠ, ಇಂಗ್ಲಿಷ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಮೂರನ್ನೂ ಕೊಟ್ಟರು. ರೈಲು ಬಂಡಿಯೂ ಹೋಗದಿದ್ದ ಮೂಲೆಗಳಿಗೆಲ್ಲ ಅವರೂ ಅವರ ಪಂಡಿತರೂ ಹೋಗಿ ಬಂದರು. ಅವರ ನಂತರ ಆರ್. ನರಸಿಂಹಾಚಾರ್ಯರೂ ಎಂ. ಎಚ್. ಕೃಷ್ಣರೂ ಆ ಕೆಲಸವನ್ನು ಮುಂದುವರಿಸಿದರು. ಕೃಷ್ಣರು ೧೯೩೬ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ, ಸುಮಾರು ೪೫೦ನೆಯ ಇಸವಿಯದೆಂದು ಎಣಿಸಲಾದ ಕನ್ನಡ ಶಾಸನವನ್ನು ಕಂಡುಹಿಡಿದುದು ಎಲ್ಲರಿಗೂ ತಿಳಿದದ್ದೇ. ಆ ಮೂಲಶಿಲೆಯು ಮೈಸೂರಿಗೆ ಸಾಗಿತು. ಹಲ್ಮಿಡಿಯವರಿಗೆ ಉಳಿದದ್ದು ಪ್ರತಿಕೃತಿ. ಕಲ್ಲಿನ ಕ್ಷೇಮಕ್ಕೆ ಅದು ಒಳ್ಳೆಯದೇ ಆಗಿರಬಹುದು. ಆದರೂ ಊರಿನ ಮಕ್ಕಳಿಗೆ ಆ ಪ್ರತಿಕೃತಿಯಾದರೂ ಇರುವಂತೆ ಉಳಿದ ಸಾವಿರಾರು ಊರುಗಳ ಮಕ್ಕಳಿಗೆ ಏನಿದೆಯೆಂದು ನೋಡಿದರೆ, ಏನೂ ಇಲ್ಲ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕರೆದುಕೊಂಡು ನಾವು ಒಂದು ಹಳೆಯ ಗುಡಿಗೆ ಹೋಗಿದ್ದೆವು. ಊರನ್ನು ಹೆಸರಿಸುವುದಿಲ್ಲ, ಅಲ್ಲಿ ಕಂಡದ್ದು ಮತ್ತೆ ಹತ್ತು ಊರುಗಳಲ್ಲಿಯೂ ಕಾಣುವಂಥದು. ಹೊರಬಾಗಿಲಿಗೆ ಬೀಗ. ನೋಡಿಕೊಳ್ಳುವವನಿಗೆ ಇನ್ನೂ ಎರಡು ಗುಡಿಗಳನ್ನು ವಹಿಸಿದ್ದರಂತೆ. ಆ ದಿನ ಅವನು ಯಾವ ಗುಡಿಯಲ್ಲಿದ್ದನೋ ಯಾರಿಗೂ ತಿಳಿಯದು. ಕಟ್ಟೆಯ ಮೇಲೆ ಹುಣಿಸೆಹಣ್ಣನ್ನು ಬಿಡಿಸುತ್ತ ಕುಳಿತಿದ್ದ ಮುದುಕಿಯೊಬ್ಬಳು, “ಬೀಗದಕೈ ಇಟ್ಕೊಂಡವ್ರು ಬಂದ್ರೆ ಬಂದ್ರು, ಇಲ್ದಿದ್ರೆ ಇಲ್ಲ, ತಾಯಿ. ನಾವೂ ಒಳಗ್ ಹೋಗಿ ವರ್ಷ ಆಯ್ತು” ಎಂದಳು. ಹುಡುಗಿಯರು ಜಾಲಂದ್ರದ ಸಂದಿನಿಂದ ಒಬ್ಬಳಾದ ಮೇಲೊಬ್ಬಳು ಇಣಿಕಿದರು. ಒಳಗೆ ಗೋಡೆಗೊರಗಿಸಿದ ಶಾಸನಶಿಲೆ; ಅದಕ್ಕೊರಗಿಸಿದ ಕಸಪೊರಕೆ ಮತ್ತು ಎರಡು ಸುಣ್ಣದ ಡಬ್ಬಿ. ಅಷ್ಟನ್ನು ನೋಡುವುದಕ್ಕೆ ನಾವು ಬಸ್ಸಿನಲ್ಲಿ ಮೂರು ಗಂಟೆಯ ಹಾದಿ ಬಂದಿದ್ದೆವು.

ಅದೇ ಪ್ರಯಾಣದಲ್ಲಿ ನೋಡಿದ ಇನ್ನೊಂದು ಸ್ಥಳದಲ್ಲಿ ಬಾಗಿಲೇನೋ ತೆರೆದಿತ್ತು. ಆದರೆ ಹುಡುಗಿಯೊಬ್ಬಳು ಕಲ್ಲಿನ ಮೇಲಣ ಅಕ್ಷರಗಳನ್ನು ಟಿಪ್ಪಣಿಪುಸ್ತಕದಲ್ಲಿ ಎತ್ತಿಕೊಳ್ಳುತ್ತಿರಲು ಕಾವಲುಗಾರನು ಅದನ್ನು ತಡೆದು, ‘ಮೇಲಿನವರ ಅಪ್ಪಣೆ ಬೇಕು’ ಎಂದನು. ಫೋಟೋ ತೆಗೆಯುವುದಂತೂ ಕೂಡದೆಂದನು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ೨೦೧೮ರ ಜುಲೈ ತಿಂಗಳಲ್ಲಿಯೇ ಅಜಂತಾ ಗುಹೆಗಳು, ಲೇಹದ ಅರಮನೆ, ತಾಜಮಹಲಿನ ಸಮಾಧಿಮಂದಿರ, ಈ ಮೂರನ್ನು ಬಿಟ್ಟು ತನ್ನ ರಕ್ಷಣೆಯಲ್ಲಿರುವ ಸ್ಮಾರಕಗಳೆಲ್ಲದರಲ್ಲಿಯೂ ಫೋಟೋ ತೆಗೆಯಲು ಅನುಮತಿಯಿತ್ತಿತು. ದಿಲ್ಲಿಯಲ್ಲಿ ಹೊರಟ ಆಜ್ಞೆಯು ಹಳ್ಳಿಯ ಗುಡಿಯ ಬಾಗಿಲಿಗೆ ಬಂದು ಸೇರುವುದಕ್ಕೆ ಎಷ್ಟು ವರ್ಷ ಬೇಕೋ ನಾವರಿಯೆವು. ನಮ್ಮ ವಾದ ಆ ಬಡ ಕಾವಲುಗಾರನೊಡನೆ ಅಲ್ಲ. ‘ಬೇಡ’ ಎಂದುದಕ್ಕಾಗಿ ಯಾವ ನೌಕರನೂ ಶಿಕ್ಷೆ ಪಡೆದುದಿಲ್ಲ. ‘ಆಗಲಿ’ ಎಂದುದಕ್ಕಾಗಿ ಪಡೆದವರುಂಟು. ಆದುದರಿಂದ ಅವನು ತನ್ನ ಕ್ಷೇಮವನ್ನು ನೋಡಿಕೊಳ್ಳುವನು.

ಬೀಗ ಹಾಕುವವರ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ಅದನ್ನು ಮುಚ್ಚಿಡುವುದು ಸಲ್ಲದು. ನಿಧಿಯಾಸೆಯಿಂದ ಶಾಸನಶಿಲೆಗಳ ಬುಡವನ್ನು ಅಗೆದು ಕೆಡಹುವ ಮೂಢರು ನಮ್ಮ ನಾಡಿನಲ್ಲಿ ಇನ್ನೂ ಉಂಟು. ಕಂಬಗಳ ಮೇಲೆ ಹೆಸರು ಕೆತ್ತುವ ಪ್ರೇಮಿಗಳ ವಿಷಯ ಹೇಳಬೇಕಾದ್ದಿಲ್ಲ. ೨೦೧೯ರಲ್ಲಿ ಹಂಪೆಯಲ್ಲಿ ಕೆಲವು ತರುಣರು ಕಲ್ಲುಕಂಬವನ್ನು ನೂಕಿ ಬೀಳಿಸಿದ ದೃಶ್ಯವನ್ನು ದೇಶವೆಲ್ಲ ನೋಡಿತು. ನ್ಯಾಯಾಲಯವು ಅವರಿಗೆ ತಲಾ ೭೦,೦೦೦ ರೂಪಾಯಿ ದಂಡ ವಿಧಿಸಿ, ಕೆಡಹಿದ ಕಂಬವನ್ನು ಅವರಿಂದಲೇ ಎತ್ತಿ ನಿಲ್ಲಿಸಿತು. ಇದು ನಮಗೆ ಬಹಳ ಮೆಚ್ಚಿಕೆಯಾದ ತೀರ್ಪು. ವಿಠ್ಠಲ ದೇವಾಲಯದ ಕಲ್ಲಿನ ರಥದ ಸುತ್ತ ಕಟಕಟೆ ಹಾಕಿರುವುದಕ್ಕೂ ನಮ್ಮ ಆಕ್ಷೇಪಣೆಯಿಲ್ಲ. ನಾಲ್ಕು ಮಾರು ದೂರ ನಿಂತು ನೋಡಿದರೆ ರಥದ ಅಂದವೇನೂ ಕುಂದದು. ಆದರೆ ಹತ್ತಿರ ಹೋಗದಂತೆ ತಡೆಯುವುದು ಬೇರೆ, ನೋಡದಂತೆ ತಡೆಯುವುದು ಬೇರೆ. ಕಂಬವನ್ನು ಕೆಡಹಿದ ತರುಣರಿಗೆ ಶಿಕ್ಷೆಯಾಯಿತು. ಬೀಗ ಬಿದ್ದ ಗುಡಿಯ ಮುಂದಿನಿಂದ ಹಿಂದಿರುಗಿದ ನಮ್ಮ ಹುಡುಗಿಯರಿಗೆ ಯಾವ ತಪ್ಪಿಗಾಗಿ ಆ ಶಿಕ್ಷೆ?

ಇನ್ನು ಕಾವಲಿನ ಲೆಕ್ಕ. ೨೦೨೨ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದರ ವರದಿಯಲ್ಲಿ ಹೊರಬಂದಂತೆ, ಕೇಂದ್ರದ ರಕ್ಷಣೆಯಲ್ಲಿದ್ದ ೩,೬೯೩ ಸ್ಮಾರಕಗಳಲ್ಲಿ ೨೪೮ಕ್ಕೆ ಮಾತ್ರ ಕಾವಲುಗಾರರನ್ನು ನೇಮಿಸಲಾಗಿತ್ತು. ಆ ಪಟ್ಟಿಯಲ್ಲಿದ್ದ ೫೦ ಸ್ಮಾರಕಗಳು ಕಾಣೆಯಾಗಿದ್ದವು. ಅವುಗಳಲ್ಲಿ ೧೪ನ್ನು ಬೆಳೆಯುವ ಪಟ್ಟಣಗಳು ನುಂಗಿದವು, ೧೨ ಜಲಾಶಯಗಳಲ್ಲಿ ಮುಳುಗಿದವು, ಉಳಿದ ೨೪ ಎಲ್ಲಿ ಹೋದವೆಂಬುದೇ ಪತ್ತೆಯಿಲ್ಲ. ಕಳೆದುಹೋದ ಆಡುಕುರಿಗಳಿಗಾದರೂ ಹುಡುಕುವ ಒಡೆಯನೊಬ್ಬನಿರುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ಇಂತಹ ಸ್ಥಳಗಳಿಗೆ ಜನರ ಕಣ್ಣಿಗಿಂತ ಅಗ್ಗವಾದ ಕಾವಲಿಲ್ಲ. ದಿನವೂ ಹತ್ತು ಮಂದಿ ಬಂದು ನೋಡಿ ಹೋಗುವ ಕಲ್ಲು ಒಂದು ಬೆಳಗ್ಗೆ ಇಲ್ಲವಾದರೆ ಹತ್ತು ಮಂದಿ ಕೇಳುವರು. ವರ್ಷವೆಲ್ಲ ಬೀಗದ ಹಿಂದೆ ಇದ್ದ ಕಲ್ಲು ಇಲ್ಲವಾದರೆ ಕೇಳುವವರಾರು? ೨೦೧೮ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿಗಾಗಿ ಅಗೆಯುವಾಗ ಸುಮಾರು ೭೫೦ನೆಯ ಇಸವಿಯ ಕಿತ್ತಯ್ಯನ ಶಾಸನವು ಮಣ್ಣಿನಿಂದ ಮೇಲೆದ್ದಿತು. ಅದು ಕಸದ ಗಾಡಿಯನ್ನು ಸೇರದೆ ಉಳಿದು ಒಂದು ಮಂಟಪವನ್ನು ಸೇರಿದುದು, ಶಾಸನವೆಂದರೇನೆಂದು ಬಲ್ಲ ಸಾಮಾನ್ಯ ನಾಗರಿಕರು ಅಲ್ಲಿ ಇದ್ದುದರಿಂದ.

ಕಲ್ಲಿನ ಮಾತು ಹೀಗಾಯಿತು. ಕಾಗದದ ಮಾತು ಇದಕ್ಕಿಂತ ಕಷ್ಟ. ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡದವರಿಗಾಗಿ ಎರಡು ಮಾತು ಹೇಳುವೆವು. ಕಲ್ಲನ್ನು ಚೆನ್ನಾಗಿ ತೊಳೆದು, ಒದ್ದೆಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿಬಡಿದು ಅಕ್ಷರಗಳ ತಗ್ಗಿನೊಳಕ್ಕೆ ಕೂರಿಸುವರು. ಬಳಿಕ ಮಸಿಯ ಉಂಡೆಯನ್ನು ಮೇಲೆ ಮೇಲೆ ಒತ್ತುವರು. ತಗ್ಗಿಗೆ ಮಸಿ ತಾಗದು. ಆದುದರಿಂದ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುವುವು. ಕಲ್ಲಿಗೆ ಸುಣ್ಣ ಬಳಿದರೂ, ಜೀರ್ಣೋದ್ಧಾರದ ಹೆಸರಿನಲ್ಲಿ ಅದನ್ನು ಗೋಡೆಯೊಳಗೆ ಹೂತರೂ, ಬಟ್ಟೆ ಒಗೆಯುವ ಬಂಡೆಯಾಗಿ ಅದು ಸವೆದುಹೋದರೂ, ಅದಕ್ಕೆ ಮೊದಲೇ ತೆಗೆದ ಪಡಿಯಚ್ಚೊಂದಿದ್ದರೆ ಮಾತು ಉಳಿಯುವುದು. ರೈಸರ ಕಾಲದಲ್ಲಿ ಓದಿದ ಎಷ್ಟೋ ಕಲ್ಲುಗಳನ್ನು ಈಗ ಹುಡುಕಿದರೆ ಸಿಕ್ಕುವುದಿಲ್ಲ. ಅವುಗಳಿಗೆ ಅಚ್ಚಿನ ಪುಸ್ತಕವೂ ಪಡಿಯಚ್ಚೂ ಮಾತ್ರವೇ ಸಾಕ್ಷಿ.

ಇಂತಹ ಸಾವಿರಾರು ಪಡಿಯಚ್ಚುಗಳು ಕೇಂದ್ರ ಇಲಾಖೆಯ ಶಾಸನಶಾಖೆಯಲ್ಲಿವೆ. ಆ ಶಾಖೆಯು ೧೯೬೬ರಲ್ಲಿ ಉದಕಮಂಡಲದಿಂದ ನಮ್ಮ ಮೈಸೂರಿಗೆ ಬಂದಿತು. ತಮ್ಮ ಭಾಷೆಯ ಶಾಸನಗಳ ಪಡಿಯಚ್ಚುಗಳು ಮೈಸೂರಿನಲ್ಲಿ ಹಾಳಾಗುತ್ತಿವೆಯೆಂದೂ ಪ್ರಕಟವಾಗದೆ ಉಳಿದಿವೆಯೆಂದೂ ತಮಿಳುನಾಡಿನವರು ಮದರಾಸು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅವುಗಳನ್ನು ಚೆನ್ನೈಗೆ ಸಾಗಿಸಬೇಕೆಂದು ೨೦೨೧ರ ಆಗಸ್ಟಿನಲ್ಲಿ ಆಜ್ಞೆಯಾಯಿತು. ಅವರ ಅಭಿಮಾನವನ್ನು ನಾವು ಮೆಚ್ಚದಿರಲಾರೆವು. ಕನ್ನಡಿಗರಾದರೋ ಆ ಶಾಖೆಯು ತಮ್ಮ ಊರಿನಲ್ಲಿಯೇ ಇದೆಯೆಂಬುದನ್ನೇ ಮರೆತಿರುವರು. ಕಾಗದಗಳು ಯಾವ ಊರಿನಲ್ಲಿರಬೇಕೆಂಬ ಜಗಳ ನಮಗೆ ದೊಡ್ಡದಲ್ಲ. ಮೈಸೂರಿನ ಬೀರುವಿನಿಂದ ಚೆನ್ನೈಯ ಬೀರುವಿಗೆ ಹೋದ ಮಾತ್ರಕ್ಕೆ ಓದುಗನಿಗೆ ಏನು ಬಂದಂತಾಯಿತು? ಅವು ಅಚ್ಚಾಗಿ, ಬೆಳಕುಕಂಡು, ಬೇಕೆಂದವರ ಕೈಗೆ ಬರಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಊರಿನ ಹಳೆಯ ಇನಾಮಿನ ಕಾಗದವೊಂದನ್ನು ನೋಡಬಯಸಿ ಒಂದು ದಾಖಲೆಗಳ ಕಚೇರಿಗೆ ಹೋದಳು. ಅಲ್ಲಿ ಮೊದಲು ಕೇಳಿದ ಪ್ರಶ್ನೆ: ‘ನೀವು ಯಾವ ವಿಶ್ವವಿದ್ಯಾನಿಲಯದವರು?’ ಯಾವುದರವಳೂ ಅಲ್ಲ, ಎರಡು ಮಕ್ಕಳ ತಾಯಿ, ಊರಿನ ಚರಿತ್ರೆಯನ್ನು ಬರೆಯಬೇಕೆಂದಿರುವೆನೆಂದು ಅವಳು ಹೇಳಿದಳು. ಪ್ರೊಫೆಸರರ ಪತ್ರವಿಲ್ಲದೆ ಆಗದೆಂದರು. ಎರಡನೆಯ ಸಲ ಪತ್ರ ತೆಗೆದುಕೊಂಡು ಹೋದಾಗ ಗುಮಾಸ್ತರು ರಜೆಯಲ್ಲಿದ್ದರು. ಮೂರನೆಯ ಸಲ ಕಾಗದದ ಕಟ್ಟು ‘ಡಿಜಿಟಲ್ ಮಾಡುವುದಕ್ಕೆ’ ಹೋಗಿತ್ತು. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯು ಅರ್ಜಿಯಿಡುವ ಪ್ರಜೆಯನ್ನು ‘ಏಕೆ ಬೇಕು?’ ಎಂದು ಕೇಳಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ನಿನ್ನೆಯ ಟಿಪ್ಪಣಿಯನ್ನು ಕೇಳುವವನಿಗೆ ಕಾರಣ ಹೇಳಬೇಕಾದ ನಿರ್ಬಂಧವಿಲ್ಲ. ೨೦೦ ವರ್ಷಗಳ ಹಿಂದಿನ ಕಾಗದವನ್ನು ಕೇಳುವವಳಿಗೆ ಪ್ರೊಫೆಸರರ ಪತ್ರ ಬೇಕಂತೆ! ವಿದ್ವಾಂಸರಿಗೆ ಮಾತ್ರವೇ ಚರಿತ್ರೆಯು ಬೇಕೆಂಬ ಈ ಭಾವನೆಯೇ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸುವುದು. ಹೆಂಗಸರನ್ನಂತೂ ಅದು ಎರಡು ಪಟ್ಟು ಹೊರಗಿಡುತ್ತದೆ, ಏಕೆಂದರೆ ಓದಿ ಮನೆ ಸೇರಿದವಳಿಗೆ ಸಂಸ್ಥೆಯೆಂಬುದಿಲ್ಲ, ತಲೆಬರಹದ ಕಾಗದವಿಲ್ಲ, ಮೂರು ಸಲ ಕಚೇರಿಗೆ ಅಲೆಯಲು ಬಿಡುವೂ ಇಲ್ಲ.

ಬೇರೆ ರೀತಿ ಸಾಧ್ಯವಿಲ್ಲವೆಂದು ಯಾರೂ ಹೇಳುವಂತಿಲ್ಲ. ನಮ್ಮ ನಾಡಿನ ಮಿಶನ್ ಶಾಲೆಗಳ ಹಳೆಯ ಪತ್ರಗಳು ಬಹುಪಾಲು ಬಾಸೆಲಿನಲ್ಲಿಯೂ ಲಂಡನ್ನಿನಲ್ಲಿಯೂ ಇವೆ. ಅವು ಅಲ್ಲಿರುವುದು ಸರಿಯೇ ಎಂಬ ವಾದವು ಬೇರೆ. ಆದರೆ ಬಾಸೆಲಿನವರು ತಮ್ಮಲ್ಲಿರುವ ಹಳೆಯ ಫೋಟೋಗಳನ್ನು ಅಂತರಜಾಲದಲ್ಲಿಟ್ಟಿರುವುದರಿಂದ ಮಂಗಳೂರು ಧಾರವಾಡಗಳ ಹಳೆಯ ಕನ್ಯಾಶಾಲೆಗಳ ಚಿತ್ರಗಳನ್ನು ಇಂದು ಮನೆಯಲ್ಲಿ ಕುಳಿತೇ ನೋಡಬಹುದು. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ೨೦೧೮ರಲ್ಲಿ ಗುಂಡರ್ಟರ ಸಂಗ್ರಹವನ್ನು ಹೀಗೆಯೇ ಎಲ್ಲರಿಗೂ ತೆರೆಯಿತು. ಮಲೆಯಾಳದೊಡನೆ ಕನ್ನಡ, ತುಳು ಪುಸ್ತಕಗಳೂ ಅದರಲ್ಲಿವೆ. ಏಳು ಕಡಲಾಚೆಯ ಕಪಾಟು ನಮ್ಮ ಅಂಗೈಗೆ ಬಂದಿದೆ, ಪಕ್ಕದ ಬೀದಿಯ ಕಪಾಟು ಏಳು ಕಡಲಾಚೆ ಉಳಿದಿದೆ. ನಮ್ಮವರೇ ಮಾಡಿದ ಒಳ್ಳೆಯ ಕೆಲಸವೂ ಇದೆ. ೧೯೦೯ರಲ್ಲಿ ಫಾದರ್ ತಬಾರ್ ಮೊದಲಾದವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಮಿಥಿಕ್ ಸೊಸೈಟಿಯು ೨೦೨೧ರಿಂದ ಆ ಸೀಮೆಯ ಶಾಸನಶಿಲೆಗಳನ್ನು ಒಂದೊಂದಾಗಿ ಹುಡುಕಿ, ಯಂತ್ರದಿಂದ ಅಳೆದು, ಮೂರು ಆಯಾಮದ ಚಿತ್ರಗಳಾಗಿ ಎಲ್ಲರೂ ನೋಡುವಂತೆ ಮಾಡುತ್ತಿದೆ. ಬೆಂಗಳೂರಿನ ಹೆಸರನ್ನು ಹೇಳುವ, ಸುಮಾರು ೮೯೦ನೆಯ ಇಸವಿಯ ಬೇಗೂರಿನ ಕಲ್ಲನ್ನು ಯಾವ ಹುಡುಗಿಯಾದರೂ ಓದಲು ಯತ್ನಿಸಬಹುದಾದ ಕಾಲ ಬಂದಿದೆ. ೨೦೨೩ರ ಕೇಂದ್ರದ ಆಯವ್ಯಯದಲ್ಲಿ ಒಂದು ಲಕ್ಷ ಶಾಸನಗಳನ್ನು ಡಿಜಿಟಲ್ ರೂಪಕ್ಕೆ ತರುವ ಮಾತನ್ನಾಡಿದರು. ಮಾತು ಒಳ್ಳೆಯದು. ಹಾಗೆ ತಂದುದನ್ನು ಇನ್ನೊಂದು ಬೀಗದ ಹಿಂದೆ ಇಡದಿದ್ದರೆ ಸರಿ.

ನಾವು ಬೇಡುವುದು ದೊಡ್ಡದೇನೂ ಅಲ್ಲ. ಬೀಗ ಹಾಕಲೇಬೇಕಾದ ಗುಡಿಯ ಬಾಗಿಲಲ್ಲಿ, ಬೀಗದಕೈ ಯಾರಲ್ಲಿದೆ, ಯಾವ ಹೊತ್ತಿಗೆ ಬಂದರೆ ತೆರೆಯುವರು ಎಂದು ಬರೆದ ಹಲಗೆಯಿರಲಿ. ಸಾಧ್ಯವಾ​ದರೆ ಅದು ಊರಿನಲ್ಲಿಯೇ ಇರುವ ಒಬ್ಬರ ಕೈಯಲ್ಲಿರಲಿ. ‘ಸಂರಕ್ಷಿತ ಸ್ಮಾರಕ, ಹಾಳುಮಾಡಿದವರಿಗೆ ದಂಡ’ ಎಂಬ ನೀಲಿ ಹಲಗೆಯ ಪಕ್ಕದಲ್ಲಿ, ಆ ಕಲ್ಲು ಏನು ಹೇಳುತ್ತದೆಂಬುದನ್ನು ಈಗಿನ ಕನ್ನಡದಲ್ಲಿ ಹತ್ತು ಸಾಲು ಬರೆದು ನಿಲ್ಲಿಸಲಿ. ಏನಿದೆಯೆಂದು ತಿಳಿಯದ ವಸ್ತುವನ್ನು ಹಾಳುಮಾಡಬೇಡವೆಂದರೆ ಯಾರು ಕೇಳುವರು? ದಾಖಲೆಗಳ ಕಚೇರಿಗಳಲ್ಲಿ ಗುರುತಿನ ಚೀಟಿಯನ್ನು ತೋರಿಸಿ, ಪುಸ್ತಕದಲ್ಲಿ ಸಹಿ ಹಾಕಿದ ಯಾರಿಗಾದರೂ ಕುಳಿತು ಓದಲು ಒಂದು ಮೇಜು ಸಿಕ್ಕಲಿ.

ಸರಕಾರವು ಕೇಳುವವರೆಗೆ ನಾವು ಕಾದಿರಬೇಕಾದ್ದಿಲ್ಲ. ರೈಸರ ಹಳೆಯ ಸಂಪುಟಗಳು ಅಂತರಜಾಲದಲ್ಲಿ ಧರ್ಮಕ್ಕೆ ಸಿಕ್ಕುತ್ತವೆ. ಮೈಸೂರು ವಿಶ್ವವಿದ್ಯಾನಿಲಯವು ೧೯೭೨ರಿಂದ ಹೊರತಂದ ಪರಿಷ್ಕೃತ ಸಂಪುಟಗಳು ದೊಡ್ಡ ಪುಸ್ತಕಭಂಡಾರಗಳಲ್ಲಿ ಇವೆ. ಹಳೆಯ ಮೈಸೂರಿನ ಯಾವ ಊರಿನವರೇ ಆಗಲಿ, ತಮ್ಮ ತಾಲ್ಲೂಕಿನ ಪುಟವನ್ನು ತೆರೆದು ಊರಿನ ಹೆಸರನ್ನು ಹುಡುಕಿದರೆ, ಅಲ್ಲಿ ಎಷ್ಟು ಕಲ್ಲುಗಳಿದ್ದವು, ಒಂದೊಂದೂ ಎಲ್ಲಿ ನಿಂತಿತ್ತು ಎಂಬುದು ಗೊತ್ತಾಗುವುದು. ‘ಊರ ಮುಂದೆ’, ‘ಕೆರೆಯ ತೂಬಿನ ಬಳಿ’, ‘ಹೊಲದಲ್ಲಿ’ ಎಂದು ರೈಸರು ಸ್ಥಳವನ್ನೂ ಗುರುತುಹಾಕಿರುವರು. ಆ ಗುರುತನ್ನು ಹಿಡಿದು ಹೋಗಿ ನೋಡಿ, ಕಲ್ಲು ಇದೆಯೋ ಇಲ್ಲವೋ, ಇದ್ದರೆ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನಮಗೆ ಬರೆದು ತಿಳಿಸಿದರೆ, ಶಾಲೆಯ ಪುಸ್ತಕಭಂಡಾರದಲ್ಲಿ ಅದಕ್ಕಾಗಿಯೇ ತೆರೆದಿಟ್ಟಿರುವ ದಫ್ತರದಲ್ಲಿ ತಾಲ್ಲೂಕುವಾರಾಗಿ ಬರೆದಿಡುವೆವು. ಸಂಪುಟದ ಅಂಕೆ, ನೋಡಿದ ತಾರೀಖು, ಆದರೆ ಒಂದು ಫೋಟೋ, ಇಷ್ಟು ಸಾಕು. ಕಲ್ಲಿಗೆ ಎಣ್ಣೆ ಹಚ್ಚುವುದಾಗಲಿ, ಅಕ್ಷರ ಕಾಣಲೆಂದು ಬಣ್ಣ ತುಂಬುವುದಾಗಲಿ, ಮೊಳೆಯಿಂದ ಕೆರೆಯುವುದಾಗಲಿ ಬೇಡ. ಸಂಜೆಯ ಓರೆಬಿಸಿಲಿನಲ್ಲಿ ನೋಡಿದರೆ ಅಕ್ಷರಗಳು ತಾವಾಗಿ ಎದ್ದು ಕಾಣುವುವು. ದಫ್ತರವು ಶಾಲೆಯ ಕೆಲಸದ ದಿನಗಳಲ್ಲಿ ಹತ್ತರಿಂದ ನಾಲ್ಕು ಗಂಟೆಯವರೆಗೆ ಮೇಜಿನ ಮೇಲೆಯೇ ಇರುವುದು. ನೋಡಬಯಸುವವರು ಯಾರ ಪತ್ರವನ್ನೂ ತರಬೇಕಾದ್ದಿಲ್ಲ.